ಕಾಕಾ ನೋಡಿದ ಒಂದೇ ಒಂದು ಫುಟ್‌ಬಾಲ್ ಮ್ಯಾಚು

ಈ ಜಗತ್ತಿನಲ್ಲಿ ಯಾವುದೂ ತಾನಾಗಿ ಆಗುವುದಿಲ್ಲ ಎಂದು ನಮ್ಮ ಕಾಕಾ ಗಟ್ಟಿಯಾಗಿ ನಂಬಿದ್ದರು. ತಪ್ಪು ತಿಳಿಯಬೇಡಿ, ದೇವರ ಇಚ್ಛೆ, ಪೂರ್ವಜನ್ಮದ ಕರ್ಮ ಅಂಥ ದೊಡ್ಡ ಮಾತೇನೂ ಅಲ್ಲ. ದೇವರ ಮೇಲೆ ಅವರಿಗೆ ಅನುಮಾನವೇ ಇರಲಿಲ್ಲ. ಪಾಪ, ಲಂಡನ್ನಿನಲ್ಲಿ ದೇವರಿಗೆ ಯಾರ ಪರಿಚಯವೂ ಇಲ್ಲವೆಂದು ಅವನನ್ನು ಬಿಟ್ಟುಬಿಟ್ಟಿದ್ದರು! ಅವರ ಅನುಮಾನವೆಲ್ಲ ಮನುಷ್ಯರ ಮೇಲೆ. ಎಲ್ಲೋ ಇಬ್ಬರು ಕೂತು ಮೊದಲೇ ಮಾತಾಡಿಕೊಂಡಿರುತ್ತಾರೆ, ನಮ್ಮಂಥ ದಡ್ಡರು ಅದನ್ನು ಹಣೆಬರಹ ಎಂದು ಕರೆಯುತ್ತೇವೆ. ಇದು ಅವರ ಒಟ್ಟು ವೇದಾಂತ.

ಟೀವಿಯಲ್ಲಿ ನಾಳೆ ಬಿಸಿಲು ಅಂದರು, ಬೆಳಿಗ್ಗೆ ಮಳೆ ಹೊಯ್ಯಿತು ಅನ್ನಿ. ನೀವು ನಾನು ಏನು ಮಾಡುತ್ತೇವೆ? ನೆನೆದುಕೊಂಡು ಮನೆಗೆ ಬರುತ್ತೇವೆ. ಕಾಕಾ ಹಾಗೆ ಬರುವವರಲ್ಲ. ಸ್ಟೇಷನ್ನಿನ ಎದುರು ಛತ್ರಿ ಮಾರುವವನ ಮುಂದೆ ಎರಡು ನಿಮಿಷ ನಿಂತು, ಅವನ ಮುಖವನ್ನು ಚೆನ್ನಾಗಿ ಓದಿಕೊಂಡು, ಆಮೇಲೆ ನೆನೆಯುತ್ತ ಮನೆಗೆ ಬರುತ್ತಿದ್ದರು. “ಟೀವಿಯವಗೂ ಇವಗೂ ಒಳಗಿಂದೊಳಗ ಮಾತಾಗ್ಯದ” ಎಂದು ತಲೆ ಒರೆಸಿಕೊಳ್ಳುತ್ತಿದ್ದರು. ಛತ್ರಿ ಮಾತ್ರ ಕೊಳ್ಳುತ್ತಿರಲಿಲ್ಲ. ಕೊಂಡರೆ ಅವರ ಸಂಚು ಗೆದ್ದಂತಲ್ಲವೇ!

ನಾನು ಮದುವೆಯಾಗಿ ಲಂಡನ್ನಿಗೆ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ಗಂಡ ಮೈಸೂರಿನವರು, ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ನಮ್ಮ ಮನೆ ಕಿಂಗ್ಸ್‌ಬರಿಯಲ್ಲಿ. ಅಪ್ಪನ ಖಾಸಾ ತಮ್ಮನಾದ ಕಾಕಾ ಬಹಳ ಹಿಂದೆಯೇ ಧಾರವಾಡ ಬಿಟ್ಟು ಬಂದು ಎಜ್‌ವೇರ್‌ನಲ್ಲಿ ಮನೆ ಮಾಡಿದ್ದರು. ಅವರೂ ಡಾಕ್ಟರೇ, ಸರ್ಜನ್. ನಾವಿಬ್ಬರೂ ಮೊದಲ ಸಲ ಅವರ ಮನೆಗೆ ಊಟಕ್ಕೆ ಹೋದಾಗ ಹೊಸ ಅಳಿಯನಿಗೆ ಕಾಕಾ ಹೇಳಿದ ಮೊದಲ ಮಾತೇನು ಗೊತ್ತೇ?

“ನಿಮ್ಮ ಜಾತಕ ನೋಡಿದ್ನಿರಿ. ಮೂವತ್ತಾರರಾಗ ಮೂವತ್ತೆರಡು ಗುಣ ಕೂಡ್ಯಾವ. ಎಲ್ಲೆರ ಇಷ್ಟು ಕೂಡ್ತಾವೇನ್ರಿ? ಜೋಯಿಸಗ ನಿಮ್ಮ ಕಡಿಂದ ಯಾರು ಮಾತಾಡಿದ್ರು?”

ನನ್ನ ಗಂಡನ ಬಾಯಲ್ಲಿದ್ದ ತುತ್ತು ಬಾಯಲ್ಲೇ ಉಳಿಯಿತು. ಅಂದಿನಿಂದ ಇಂದಿನವರೆಗೆ ನಾವಿಬ್ಬರೂ ಜಗಳವಾಡಿದಾಗಲೆಲ್ಲ ಕೊನೆಯ ಬಾಣವಾಗಿ ಅವರು ಬಿಡುವುದು ಅದನ್ನೇ: “ನಿಮ್ಮ ಕಾಕಾ ಅವತ್ತೇ ಹೇಳಿದ್ರು, ನಾವೇ ಕೇಳಲಿಲ್ಲ!”

ಎಜ್‌ವೇರ್ ನಾರ್ದರ್ನ್ ಲೈನಿನ ಕೊನೆಯ ಸ್ಟೇಷನ್. ಊರೊಳಗೆ ಹೋಗುವ ರೈಲುಗಳು ಅಲ್ಲಿ ಅಕ್ಕಪಕ್ಕ ನಿಂತಿರುತ್ತವೆ. ಯಾವುದು ಮೊದಲು ಹೊರಡುತ್ತದೆ ಎಂದು ಬೋರ್ಡು ಹೇಳುತ್ತದೆ. ಎಲ್ಲರೂ ಬೋರ್ಡು ಹೇಳಿದ ರೈಲಿನಲ್ಲಿ ಕೂರುತ್ತಾರೆ. ಕಾಕಾ ಇನ್ನೊಂದರಲ್ಲಿ. “ಎಲ್ಲಾರನೂ ಒಂದ ಗಾಡಿಗೆ ತುಂಬೂ ಉಪಾಯ ಅದು” ಎನ್ನುತ್ತಿದ್ದರು. ಖಾಲಿ ಡಬ್ಬಿಯಲ್ಲಿ ಒಬ್ಬರೇ ಮಹಾರಾಜರ ಹಾಗೆ ಕೂತು, ಪಕ್ಕದ ರೈಲು ಹೊರಟುಹೋಗುವುದನ್ನು ಕಿಟಕಿಯಿಂದ ನೋಡುತ್ತಿದ್ದರು. ಇವರು ತಡವಾಗಿ ತಲುಪಿದಾಗ ಸಮಜಾಯಿಷಿ ಸಿದ್ಧವಿರುತ್ತಿತ್ತು: “ನಾ ಇದರಾಗ ಕೂಡ್ತೀನಿ ಅಂತ ಅವಕ್ಕ ಗೊತ್ತಿತ್ತು.”

ಕುಕ್ಕರಿನ ಕತೆ ಇನ್ನೂ ಘೋರ. ಯುಗಾದಿಗೆ ಕನ್ನಡದವರೆಲ್ಲ ಶಾಲೆಯೊಂದರ ಹಾಲ್ ಬಾಡಿಗೆಗೆ ಹಿಡಿದು ಸೇರುತ್ತಿದ್ದೆವು. ಹಾಡು, ಕುಣಿತ, ಹೋಳಿಗೆ, ಕೊನೆಗೆ ಚೀಟಿ ಎತ್ತಿ ಒಬ್ಬರಿಗೆ ಬಹುಮಾನ. ಪ್ರತಿ ವರ್ಷವೂ ಕಾಕಾ ಎದ್ದು ನಿಂತು ಚೀಟಿ ಎತ್ತುವುದರಲ್ಲಿ ಮೋಸವಿದೆ ಎಂದು ಭಾಷಣ ಮಾಡುತ್ತಿದ್ದರು. ಒಂದು ವರ್ಷ ಕಾರ್ಯದರ್ಶಿ ರೋಸಿಹೋಗಿ, “ಹಾಗಾದ್ರೆ ನೀವೇ ಎತ್ತಿ ಡಾಕ್ಟ್ರೇ” ಎಂದು ಡಬ್ಬಿಯನ್ನು ಅವರ ಮುಂದೆ ಹಿಡಿದರು. ಕಾಕಾ ಕನ್ನಡಕ ತೆಗೆದಿಟ್ಟು, ತೋಳು ಮೇಲೇರಿಸಿ, ಆಪರೇಷನ್ನಿಗೆ ಕೈ ಹಾಕಿದ ಹಾಗೆ ಡಬ್ಬಿಗೆ ಕೈ ಹಾಕಿ ಚೀಟಿ ಎತ್ತಿದರು. ಅವರದೇ ನಂಬರು!

ಹಾಲಿಗೆ ಹಾಲೇ ನಕ್ಕಿತು. ಕಾಕಾ ಮಾತ್ರ ಬಿಳಿಚಿಕೊಂಡು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಇದು ನನ್ನ ಬಾಯಿ ಮುಚ್ಚಿಸ್ಲಿಕ್ಕೆ ಮಾಡಿದ್ದು” ಎಂದು ಘೋಷಿಸಿ ಬಹುಮಾನವನ್ನು ನಿರಾಕರಿಸಿದರು. ಬಹುಮಾನ ಐದು ಲೀಟರಿನ ಕುಕ್ಕರು. ಕಾಕಾನ ಹೆಂಡತಿ, ನಮ್ಮ ಕಾಕು, ಕಾರಿನಲ್ಲಿ ಕೂತವರು ಮನೆ ಬರುವವರೆಗೂ ತುಟಿ ಬಿಚ್ಚಲಿಲ್ಲ. ಬಾಗಿಲು ತೆಗೆಯುವಾಗ ಇಷ್ಟೇ ಅಂದರಂತೆ: “ಬಾಯಿ ನಿಮ್ಮದು ಮುಚ್ಚಲಿಲ್ಲ. ಕುಕ್ಕರ್ ನಂದು ಹೋತು.”

ಇಷ್ಟು ಹೇಳಿದರೆ ನೀವು ನಗುತ್ತೀರಿ. ನಾವೂ ನಗುತ್ತಿದ್ದೆವು. ಹನ್ನೆರಡು ವರ್ಷ ನಕ್ಕೆವು. ಆದರೆ ಈ ಕಾಯಿಲೆ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಧಾರವಾಡದಲ್ಲಿದ್ದಾಗ ಅವರು ಯಾರನ್ನು ಬೇಕಾದರೂ ನಂಬುವ ಹುಡುಗನಾಗಿದ್ದರೆಂದು ನನ್ನ ಅಪ್ಪ ಹೇಳುತ್ತಿದ್ದರು.

ಕಾಕಾನ ಜೊತೆ ಓದಿ, ಒಂದೇ ವರ್ಷ ಇಂಗ್ಲೆಂಡಿಗೆ ಬಂದ ಗೆಳೆಯರೊಬ್ಬರಿದ್ದರು. ಅವರೂ ಸರ್ಜನ್. ಬಂದ ಹೊಸದರಲ್ಲಿ ಒಂದೇ ಕೋಣೆ, ಒಂದೇ ಸ್ಟೋವು, ಇಬ್ಬರಿಗೂ ಸೇರಿ ಒಂದೇ ದಪ್ಪ ಕೋಟು. ಡ್ಯೂಟಿ ಇದ್ದವರು ಹಾಕಿಕೊಂಡು ಹೋಗುವುದು. ಉತ್ತರ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಇಬ್ಬರೂ ವರ್ಷಗಟ್ಟಲೆ ದುಡಿದರು. ಯಾರಿಗೂ ಬೇಡವಾದ ಪಾಳಿ ಇವರಿಗೆ, ಕ್ರಿಸ್‌ಮಸ್ಸಿನ ಡ್ಯೂಟಿ ಇವರಿಗೆ. ಬಿಳಿಯ ಹುಡುಗರಿಗೆ ಇವರೇ ಕೆಲಸ ಕಲಿಸಬೇಕು; ಕಲಿತ ಹುಡುಗರು ಇವರನ್ನು ದಾಟಿ ಮೇಲೆ ಹೋಗಬೇಕು. ಅಂಥಲ್ಲಿ ಒಂದು ಸಲ ಕನ್ಸಲ್ಟೆಂಟ್ ಹುದ್ದೆ, ಅಂದರೆ ಅಲ್ಲಿಯ ಮುಖ್ಯ ಸರ್ಜನ್ನರ ಕುರ್ಚಿ, ಖಾಲಿಯಾಯಿತು. ಇಬ್ಬರೂ ಅರ್ಜಿ ಹಾಕಿದರು. ಕಾಕಾನ ಕೈ ಹೆಚ್ಚು ಪಳಗಿದ್ದೆಂದು ಇಡೀ ಆಸ್ಪತ್ರೆಗೇ ಗೊತ್ತಿತ್ತು; ಥಿಯೇಟರಿನ ನರ್ಸುಗಳು ತಮ್ಮ ಮನೆಯವರ ಆಪರೇಷನ್ನಿಗೆ ಕಾಕಾನೇ ಬೇಕೆನ್ನುತ್ತಿದ್ದರಂತೆ. ಹುದ್ದೆ ಗೆಳೆಯನಿಗೆ ಸಿಕ್ಕಿತು.

ಅದಾದ ಮೇಲೆ ಕಾಕಾನ ಕಿವಿಗೆ ಒಂದು ಸುದ್ದಿ ಬಿತ್ತು. ಸಂದರ್ಶನಕ್ಕೆ ಒಂದು ವಾರ ಮೊದಲು ಗೆಳೆಯ ಆಯ್ಕೆ ಸಮಿತಿಯ ಮುಖ್ಯಸ್ಥನ ಮನೆಗೆ ಊಟಕ್ಕೆ ಹೋಗಿದ್ದನಂತೆ! ಮುಗಿಯಿತು. ಕಾಕಾ ಗೆಳೆಯನೊಂದಿಗೆ ಮಾತು ಬಿಟ್ಟರು. ಜಗತ್ತಿನ ಛತ್ರಿ, ರೈಲು, ಚೀಟಿಗಳ ಮೇಲೆಲ್ಲ ಅವರ ಕಣ್ಣು ಬಿದ್ದದ್ದು ಆಮೇಲೆ. ತಾವು ಕೊನೆಯವರೆಗೂ ಕನ್ಸಲ್ಟೆಂಟರ ಕೆಳಗಿನ ಕುರ್ಚಿಯಲ್ಲೇ ಕೂತು ನಿವೃತ್ತರಾದರು.

ನನಗೆ ಇಂದಿಗೂ ಹೊಟ್ಟೆ ಉರಿಯುವ ವಿಷಯ ಒಂದಿದೆ. ಹತ್ತು ಹದಿನೈದು ವರ್ಷ ಜೀವ ತೇದ ಆಸ್ಪತ್ರೆಯ ಮೇಲೆ ಕಾಕಾ ಒಂದು ದಿನವೂ ಕೂಗಾಡಲಿಲ್ಲ. ಸಿಟ್ಟೆಲ್ಲ ಗೆಳೆಯನ ಮೇಲೆ. ಯಾಕೆಂದರೆ ಆಸ್ಪತ್ರೆಯ ಮೇಲೆ ಸಿಟ್ಟಾಗಬೇಕಾದರೆ ಇಂಗ್ಲಿಷಿನಲ್ಲಿ ಆಗಬೇಕು, ಅರ್ಜಿ ಬರೆಯಬೇಕು, ‘ಯುವರ್ಸ್ ಸಿನ್ಸಿಯರ್ಲಿ’ ಎಂದು ಸಹಿ ಹಾಕಬೇಕು. ಗೆಳೆಯನ ಮೇಲಾದರೆ ಧಾರವಾಡದ ಮಾತಿನಲ್ಲೇ, ಊಟಕ್ಕೆ ಕೂತಲ್ಲೇ, ಬಾಯಿ ತುಂಬ ಬೈಯಬಹುದಲ್ಲ! ಬೈದರು, ಇಪ್ಪತ್ತೈದು ವರ್ಷ ಬೈದರು.

ನಮ್ಮ ಜನವೂ ಕಡಿಮೆಯೇನಲ್ಲ. ಗೆಳೆಯ ಇಲ್ಫರ್ಡಿನಲ್ಲಿ ಮನೆ ಮಾಡಿದ್ದರು. ಯುಗಾದಿಯ ಊಟಕ್ಕೆ ಇಬ್ಬರೂ ಬಂದರೆ ಎಲ್ಲರಿಗೂ ಹಬ್ಬ. ಬಾಗಿಲ ಹತ್ತಿರ ಒಬ್ಬರು, ವೇದಿಕೆಯ ಹತ್ತಿರ ಒಬ್ಬರು. ಕೋಸಂಬರಿಯ ಪಾತ್ರೆಯ ಮುಂದೆ ಎಲ್ಲಿ ಮುಖಾಮುಖಿ ಆಗುತ್ತಾರೋ ಎಂದು ಜನ ಕತ್ತು ಉದ್ದ ಮಾಡಿ ಕಾಯುವುದು. ಒಬ್ಬರಾದರೂ ಇಬ್ಬರನ್ನೂ ಕೂರಿಸಿ ಮಾತಾಡಿಸಿದರೇ? ಇಲ್ಲ. ಪುಕ್ಕಟೆ ನಾಟಕವನ್ನು ಯಾರು ನಿಲ್ಲಿಸುತ್ತಾರೆ?

ನಿಜ ಹೇಳಬೇಕೆಂದರೆ ಕಾಕಾನ ಸುತ್ತ ಒಂದು ಸಂಚು ಖಂಡಿತ ಇತ್ತು, ಅದೂ ಅವರ ಅಡುಗೆಮನೆಯಲ್ಲೇ. ಕಾಕುವೂ ಇಲ್ಫರ್ಡಿನ ಗೆಳೆಯರ ಹೆಂಡತಿಯೂ ಮಾತು ಬಿಟ್ಟಿರಲಿಲ್ಲ. ಕಾಕಾ ವಾಕಿಂಗಿಗೆ ಹೋದಾಗ ಫೋನು. ಬೇಸಿಗೆಯಲ್ಲಿ ಆಕೆ ಕೆಂಪು ಮೆಣಸಿನಕಾಯಿ ರುಬ್ಬಿ ರಂಜಕ ಮಾಡಿದರೆ ಒಂದು ಬಾಟಲಿ ಎಜ್‌ವೇರ್‌ಗೆ. ಸಾಗಿಸುವವಳು ನಾನು. ಕಾಕಾ ಅದನ್ನು ರೊಟ್ಟಿಗೆ ಹಚ್ಚಿಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡು, “ಹೀಂಗ ನೋಡು ರಂಜಕ ಅಂದ್ರ! ಈ ದೇಶದಾಗ ಯಾರಿಗೂ ಬರೂದಿಲ್ಲ. ಊರಿಂದ ಬಂತೇನು?” ಎನ್ನುತ್ತಿದ್ದರು. ಊರಿನಿಂದ ಎಂದು ನಾವಿಬ್ಬರೂ ಒಂದೇ ಸ್ವರದಲ್ಲಿ ಹೇಳುತ್ತಿದ್ದೆವು. ಎಲ್ಲರನ್ನೂ ಅನುಮಾನಿಸುವ ಮನುಷ್ಯ ನಮ್ಮಿಬ್ಬರನ್ನು ಮಾತ್ರ ಯಾಕೆ ನಂಬುತ್ತಿದ್ದರೋ, ನನಗೆ ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಎರಡು ಸಾವಿರದ ನಾಲ್ಕನೆಯ ಇಸವಿಯ ಬೇಸಿಗೆ. ಇಲ್ಫರ್ಡಿನಿಂದ ಕಾಕಾನ ಹೆಸರಿಗೆ ಒಂದು ಪತ್ರ ಬಂತು. ಕನ್ನಡದಲ್ಲಿ ಎರಡೇ ಸಾಲು: ‘ಒಮ್ಮೆ ಬಂದು ಹೋಗು. ಹೇಳೂದದ.’ ಅಕ್ಷರ ನಡುಗಿತ್ತು. ಗೆಳೆಯರಿಗೆ ಹೊಟ್ಟೆಯ ಕ್ಯಾನ್ಸರ್, ಹೆಚ್ಚು ದಿನವಿಲ್ಲ ಎಂಬುದು ಕಾಕುಗೆ ಫೋನಿನಲ್ಲಿ ಮೊದಲೇ ಗೊತ್ತಾಗಿತ್ತು. ಪತ್ರ ಓದಿದ ಕಾಕಾ ಅದನ್ನು ಮಡಿಸಿ ಫ್ರಿಜ್ಜಿನ ಮೇಲಿಟ್ಟರು.

“ಸಾಯೂ ಮುಂದ ಎಲ್ಲಾರ ಕಡಿಂದ ಛಲೋ ಅನ್ನಿಸಿಕೊಂಡು ಹೋಗಬೇಕಾಗ್ಯದ ಅವಗ. ನಾ ಹೋಗೂದಿಲ್ಲ.”

“ನೀನರ ಹೇಳವಾ” ಎಂದು ಕಾಕು ನನಗೆ ಕೈ ಮುಗಿಯುವಂತೆ ಕೇಳಿಕೊಂಡರು. ನಾನು ಹೇಳಿನೋಡಿದೆ. “ನಿನಗ ಗೊತ್ತಾಗೂದಿಲ್ಲ ಬಿಡು” ಎಂದು ಕಾಕಾ ಪೇಪರಿನಲ್ಲಿ ಮುಖ ಹುದುಗಿಸಿದರು.

ಆ ಪೇಪರೇ ಮುಂದಿನದಕ್ಕೆಲ್ಲ ಕಾರಣ. ಆಗ ಯುರೋಪಿನ ಫುಟ್‌ಬಾಲ್ ಪಂದ್ಯಾವಳಿ ನಡೆದಿತ್ತು. ಲಂಡನ್ನಿನ ಅರ್ಧ ಕಾರುಗಳ ಕಿಟಕಿಗೆ ಇಂಗ್ಲೆಂಡಿನ ಬಾವುಟ ಸಿಕ್ಕಿಸಿಕೊಂಡು ಜನ ಓಡಾಡುತ್ತಿದ್ದ ಕಾಲ. ಜನ್ಮದಲ್ಲಿ ಚೆಂಡಿನ ಕಡೆ ತಿರುಗಿ ನೋಡದ ಕಾಕಾ ಒಂದು ಮಂಗಳವಾರ ಬೆಳಿಗ್ಗೆ ಏಳಕ್ಕೇ ನನಗೆ ಫೋನ್ ಮಾಡಿದರು.

“ನೋಡಿದೇನು ಪೇಪರ್? ಕಡೀಗೆ ಇವರೂ ಒಪ್ಪಿಕೊಂಡಾರ!”

“ಏನು ಕಾಕಾ?”

“ಇವತ್ತು ಡೆನ್ಮಾರ್ಕಿಗೂ ಸ್ವೀಡನ್ನಿಗೂ ಮ್ಯಾಚ್ ಅದ. ಇಬ್ಬರೂ ಎರಡೆರಡು ಗೋಲು ಹೊಡದು ಸಮ ಆದ್ರಂದ್ರ ಇಬ್ಬರೂ ಮುಂದ ಹೋಗ್ತಾರ. ಇಟಲಿಯವರು ಅತ್ತಾಗ ತಮ್ಮ ಮ್ಯಾಚ್ ಗೆದ್ರೂ ಮನಿಗೆ! ಇಬ್ಬರೂ ನೆರೀಮನಿಯವರು. ಆಗೂದು ಎರಡು-ಎರಡನ. ಬರದಿಟ್ಟಗೋ.”

“ನಿಮಗ ಫುಟ್‌ಬಾಲ್ ಎಲ್ಲಿ ತಿಳೀತದ ಕಾಕಾ?”

“ಆಟ ತಿಳೀಬೇಕಂತೇನಿಲ್ಲ. ಮಂದಿ ತಿಳದ್ರ ಸಾಕು.”

ಸಂಜೆ ಆರಕ್ಕೇ ಕಾಕುವನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿಳಿದರು. ಅವರ ಮನೆಯ ಟೀವಿ ಸಣ್ಣದಂತೆ, ಸಣ್ಣ ಟೀವಿಯಲ್ಲಿ ಮೋಸ ಸರಿಯಾಗಿ ಕಾಣುವುದಿಲ್ಲವಂತೆ! ಸೋಫಾದ ನಟ್ಟನಡುವೆ ಕೂತರು. ನಾನು ಚುರುಮುರಿಯ ಗಿರ್ಮಿಟ್ ಕಲಸಿಕೊಟ್ಟೆ. ಕಾಕು ಮೂಲೆಯ ಕುರ್ಚಿಯಲ್ಲಿ ಒಣಗಿದ ಮುಖ ಮಾಡಿಕೊಂಡು ಕೂತಿದ್ದರು. ಅಂದು ಮಧ್ಯಾಹ್ನ ಇಲ್ಫರ್ಡಿನ ಫೋನಿನಲ್ಲಿ ಗೆಳೆಯರ ಹೆಂಡತಿ ಬರೀ ಅತ್ತಿದ್ದರಂತೆ.

ಆಟ ಶುರುವಾಯಿತು. ಕೆಂಪು ಅಂಗಿಯವರು ಡೆನ್ಮಾರ್ಕ್, ಹಳದಿಯವರು ಸ್ವೀಡನ್ ಎಂದು ನನ್ನ ಗಂಡ ಹೇಳಿಕೊಟ್ಟರು. ಮೊದಲ ಐದು ನಿಮಿಷದಲ್ಲೇ ಕಾಕಾ ಹನ್ನೊಂದು ಜನರ ಮೇಲೆ ಆರೋಪಪಟ್ಟಿ ಸಿದ್ಧಪಡಿಸಿದರು. ಒಬ್ಬ ಬಿದ್ದರೆ “ಬೇಕಂತ ಬಿದ್ದ”. ಎದ್ದರೆ “ನೋಡು, ಏನೂ ಆಗಿಲ್ಲ”. ಡೆನ್ಮಾರ್ಕಿನವನು ಎಲ್ಲೋ ದೂರದಿಂದ ಒದ್ದ ಚೆಂಡು ಸೊಗಸಾಗಿ ಬಾಗಿ ಬಲೆಯೊಳಗೆ ಬಿತ್ತು.

“ಅಷ್ಟು ದೂರದಿಂದ ಒದ್ರೂ ಅವಾ ಬಿಟ್ಟ! ಒಂದು ಆತು. ಇನ್ನ ಮೂರು ಉಳದಾವ” ಎಂದು ಬೆರಳು ಮಡಿಚಿದರು ಕಾಕಾ.

ವಿರಾಮ ಮುಗಿದು ಆಟಗಾರರು ಬಂದದ್ದೇ ತಡ, ಹಳದಿಯವರಿಗೆ ಪೆನಾಲ್ಟಿ ಸಿಕ್ಕಿ ಒಂದು-ಒಂದು. ಕಾಕಾನ ಮುಖ ನೋಡಬೇಕಿತ್ತು! “ಒಳಗ ಚಹಾ ಕುಡಕೋತ ಮಾತಾಡಿ ಬಂದಾರ. ‘ನಿಮ್ಮದು ಬಾಕಿ ಅದ, ಲಗೂನ ಹೊಡದು ಮುಗಿಸ್ರಿ’ ಅಂದಿರ್ತಾರ.”

ನನ್ನ ಗಂಡ ನಗು ತಡೆಯಲಾರದೆ, “ಕಾಕಾ, ನೀವು ಕಾಮೆಂಟರಿಗೆ ಹೋಗಬೇಕಿತ್ತು, ಸುಮ್ನೆ ಡಾಕ್ಟ್ರಾದ್ರಿ” ಎಂದರು. ಮತ್ತೆ ಕೆಂಪಿನವರ ಗೋಲು. ಎರಡು-ಒಂದು. ಆಮೇಲೆ ಏನೂ ಇಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಹಳದಿಯವರು ಓಡುತ್ತಾರೆ, ಒದೆಯುತ್ತಾರೆ, ಬೀಳುತ್ತಾರೆ, ಗೋಲಿಲ್ಲ. ಕಾಕಾ ಚಡಪಡಿಸತೊಡಗಿದರು. ಒಪ್ಪಂದ ಮಾಡಿಕೊಂಡವರು ಮರೆತುಬಿಟ್ಟರೇ? ಇಂಥ ಬೇಜವಾಬ್ದಾರಿಯೇ? ಸೋಫಾದ ತುದಿಗೆ ಬಂದು ಕೂತು, “ಏ, ಟೈಮ್ ಆತಲ್ಲೋ!” ಎಂದು ಟೀವಿಗೇ ಎಚ್ಚರಿಕೆ ಕೊಟ್ಟರು.

ಆಟ ಮುಗಿಯಲು ಒಂದೆರಡು ನಿಮಿಷವಿದ್ದಾಗ ಅದು ನಡೆಯಿತು. ಡೆನ್ಮಾರ್ಕಿನ ಗೋಲ್‌ಕೀಪರ್ ಹಿಡಿಯಲು ಹೋದ ಚೆಂಡು ಅವನ ಕೈಯಿಂದ ಜಾರಿತು. ಎದುರಿಗಿದ್ದ ಹಳದಿ ಅಂಗಿಯವನು ಅದನ್ನು ಒಳಗೆ ಒದ್ದ. ಎರಡು-ಎರಡು!

ನನ್ನ ಗಂಡ ಸೋಫಾದಿಂದ ಹಾರಿದರು. “ಕಾಕಾ! ನೀವು ಹೇಳಿದ್ದೇ ಆಯ್ತಲ್ಲ! ಫಿಕ್ಸು! ಪಕ್ಕಾ ಫಿಕ್ಸು!” ಇಪ್ಪತ್ತೈದು ವರ್ಷದಿಂದ ಮನುಷ್ಯ ಹೇಳುತ್ತ ಬಂದದ್ದು ಮೊದಲ ಸಲ, ಯುರೋಪಿನ ಕಣ್ಣೆದುರಿಗೆ, ಅಂಕಿಯ ಸಮೇತ ನಿಜವಾಗಿತ್ತು! ಅವರು ಕುಣಿಯುತ್ತಾರೆ ಎಂದುಕೊಂಡೆ.

ಕಾಕಾ ಎದ್ದು ಟೀವಿಯ ಹತ್ತಿರ ಹೋಗಿ ನಿಂತಿದ್ದರು. ಅದೇ ಗೋಲನ್ನು ನಿಧಾನವಾಗಿ ಮತ್ತೆ ತೋರಿಸುತ್ತಿದ್ದರು. ಆ ಗೋಲ್‌ಕೀಪರಿನ ಕೈ, ಚೆಂಡು, ಅವನ ಮುಖ. ಇನ್ನೊಂದು ಕಡೆಯಿಂದ ಮತ್ತೊಮ್ಮೆ.

“ಏನ್ ಕಾಕಾ, ಸಿಹಿ ಯಾವಾಗ?” ಎಂದರು ನನ್ನ ಗಂಡ.

“ಸುಮ್ನಿರ್ರೀ ಸ್ವಲ್ಪ” ಎಂದರು ಕಾಕಾ. ಆಮೇಲೆ ಯಾರ ಕಡೆಗೂ ನೋಡದೆ, “ಇದು ಮಾತಾಗಿದ್ದಲ್ಲ” ಎಂದರು.

“ಅಂದ್ರೆ?”

“ಬೇಕಂತ ಬಿಡೂ ಕೈ ಮೊದಲ ಸಡಲ ಆಗ್ತದ, ಆಮ್ಯಾಲೆ ಜಾರ್ತದ. ಇವನ ಕೈ ನೋಡ್ರಿ. ಜಾರಿ ಹೋದ ಮ್ಯಾಲೂ ಬೆರಳು ಹಿಡೀಲಿಕ್ಕೇ ಹೋಗ್ಯಾವ. ಮೂವತ್ತು ವರ್ಷ ಥಿಯೇಟರಿನಾಗ ಕೈ ನೋಡೀನಿ ನಾ. ನನ್ನವೂ ಜಾರ್ಯಾವ, ಎರಡು ಸಲ. ಆ ಮುಖ ನನಗ ಗೊತ್ತದ. ಪಾಪ, ಇವಾ ಖರೇನ ತಪ್ಪಿದ.”

ಮೂಲೆಯ ಕುರ್ಚಿಯಿಂದ ಕಾಕು ಮೆಲ್ಲಗೆ ಅಂದರು, “ಎಲ್ಲಾ ಮಾತಾಗಿದ್ದಂಗ ಕಂಡರೂ ಮಾತಾಗಿರೂದಿಲ್ಲ ಅಂದಂಗಾತು.”

ತಟ್ಟೆಯಲ್ಲಿದ್ದ ಗಿರ್ಮಿಟ್ ಹಾಗೇ ಮೆತ್ತಗಾಯಿತು. ಅತ್ತ ಇಟಲಿಯವರು ಕೊನೆಯ ಗಳಿಗೆಯಲ್ಲಿ ತಮ್ಮ ಪಂದ್ಯ ಗೆದ್ದು, ಗೆದ್ದೆವೆಂದು ಕುಣಿದು, ಆಮೇಲೆ ಸುದ್ದಿ ತಿಳಿದು ಕುಸಿದರು. ಮಾರನೆಯ ದಿನ ಇಟಲಿಗೆ ಇಟಲಿಯೇ ಮೋಸ ಮೋಸ ಎಂದು ಬಾಯಿ ಬಡಿದುಕೊಂಡಿತು. ಇಲ್ಲ ಎಂದು ವಾದ ಮಾಡಿದವರು ನನಗೆ ತಿಳಿದಂತೆ ಒಬ್ಬರೇ. ನಮ್ಮ ಕಾಕಾ!

ಮಧ್ಯಾಹ್ನ ಅವರ ಫೋನು ಬಂತು. “ಇಲ್ಫರ್ಡಿಗೆ ಹೆಂಗ ಹೋಗೂದು?”

“ಕಿಂಗ್ಸ್‌ಬರಿಯಿಂದ ಜುಬಿಲಿ ಲೈನಿನಾಗ ಸ್ಟ್ರಾಟ್‌ಫರ್ಡ್, ಅಲ್ಲಿ ಗಾಡಿ ಬದಲಿಸಿ ನಾಲ್ಕನೇ ಸ್ಟಾಪು, ಸ್ಟೇಷನ್ನಿನಿಂದ ಎಡಕ್ಕ ಹೊಳ್ಳಿ...” ಎಂದು ಉಸಿರು ಬಿಡದೆ ಹೇಳಿ ನಾಲಿಗೆ ಕಚ್ಚಿಕೊಂಡೆ.

ಕಾಕಾ ಒಂದೇ ಪ್ರಶ್ನೆ ಕೇಳಿದರು: “ರಂಜಕ ಅಕೀದೇನು?”

“ಹೌದು ಕಾಕಾ.”

“ನಾಳೆ ನೀನೂ ಬಾ” ಎಂದು ಇಟ್ಟುಬಿಟ್ಟರು.

ರೈಲಿನಲ್ಲಿ ಕಾಕಾ ಸಂದರ್ಶನಕ್ಕೆ ಹೊರಟವರ ಹಾಗೆ ಟೈ ಕಟ್ಟಿಕೊಂಡು ಕೂತಿದ್ದರು. ಸ್ಟ್ರಾಟ್‌ಫರ್ಡ್ ಬರುವವರೆಗೆ ಒಂದೇ ಮಾತನ್ನು ಮೂರು ನಾಲ್ಕು ರೀತಿಯಲ್ಲಿ ನನ್ನ ಮುಂದೆ ಒಪ್ಪಿಸಿದರು. “ನನ್ನ ತಪ್ಪಾತು ಅಂತೀನಿ. ಊಟಕ್ಕ ಹೋಗಿದ್ದಿ, ಬರೇ ಊಟ ಮಾಡಿ ಬಂದಿ. ನಾ ಸುಮ್ ಸುಮ್ನ ಅನುಮಾನ ಪಟ್ಟೆ. ಹೀಂಗಂದ್ರ ಸಾಕಲ್ಲ?”

“ಸಾಕು ಕಾಕಾ.”

ಗೆಳೆಯರ ಹೆಂಡತಿ ಬಾಗಿಲು ತೆರೆದವರು ಕಾಕಾನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು. ಮುಂದಿನ ಕೋಣೆಯಲ್ಲೇ ಮಂಚ ಹಾಕಿದ್ದರು. ಮಂಚದ ಮೇಲಿದ್ದವರು ಯುಗಾದಿಯ ಹಾಲಿನಲ್ಲಿ ನಾನು ಕಂಡ ಭಾರೀ ಆಳಲ್ಲ, ದಿಂಬಿನ ಮೇಲೆ ಎರಡು ಕಣ್ಣು ಮಾತ್ರ. ಕಾಕಾ ಕುರ್ಚಿ ಎಳೆದುಕೊಂಡು ಕೂತು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಗೆಳೆಯರೇ ಕೈಯೆತ್ತಿ ತಡೆದರು.

“ಮೊದಲ ನಾ ಹೇಳ್ತೀನಿ. ಆಮ್ಯಾಲೆ ಉಸುರು ಸಾಲೂದಿಲ್ಲ” ಎಂದರು. “ನೀ ತಿಳಕೊಂಡಿದ್ದು ಖರೇ ಅದ. ಆ ಸಮಿತಿ ಮುಖ್ಯಸ್ಥ ಊಟಕ್ಕ ಕರದ. ಅಲ್ಲೇ ಹೇಳಿದ, ನೌಕರಿ ನಿನಗ, ಸಂದರ್ಶನ ಬರೇ ಶಾಸ್ತ್ರ ಅಂತ. ನಾ ನಿನ್ನ ಹೆಸರು ತಗದೆ. ಅವನ ಕೈ ನನಗಿಂತ ಛಲೋ ಅದ ಅಂದೆ. ಗೊತ್ತದ ಅಂದ ಅವಾ. ಆದ್ರ ನಮಗ ಹೇಳಿದಂಗ ಕೇಳೂ ಇಂಡಿಯನ್ ಬೇಕಾಗ್ಯಾನ ಅಂದ.” ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. “ನಾ ಸುಮ್ನಾಗಿಬಿಟ್ಟೆ.”

ಇದೆಂಥ ಕುಹಕ! ಇಪ್ಪತ್ತೈದು ವರ್ಷ ಅನುಮಾನಪಟ್ಟು, ನಿನ್ನೆ ಮೊನ್ನೆ ಆ ಅನುಮಾನವನ್ನು ಎದೆಯಿಂದ ಕಿತ್ತೆಸೆದು, ಟೈ ಕಟ್ಟಿಕೊಂಡು ಕ್ಷಮೆ ಕೇಳಲು ಬಂದವರಿಗೆ ಈ ಉತ್ತರವೇ? ಹೇಳಿದಂತೆ ಕೇಳುವ ಇಂಡಿಯನ್! ಆ ಊಟದ ಮೇಜಿನ ಒಂದು ಮಾತಿಗೆ ಎರಡು ಮನೆಗಳ ಅರ್ಧ ಆಯುಸ್ಸು ಹೋಗಿತ್ತು. ಆಡಿದವನು ಅದನ್ನು ಮಾರನೆಯ ದಿನವೇ ಮರೆತಿರುತ್ತಾನೆ.

ಕಾಕಾ ಏಳುತ್ತಾರೆ, ಬಾಗಿಲು ದಡಾರನೆ ಹಾಕಿಕೊಂಡು ಹೋಗುತ್ತಾರೆ ಎಂದು ನಾನು ನನ್ನ ಚೀಲ ಹಿಡಿದು ತಯಾರಾದೆ. ಅವರು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಇನ್ನಷ್ಟು ಎಳೆದುಕೊಂಡರು. ಆಮೇಲೆ ಕೇಳಿದರು:

“ಊಟಕ್ಕ ಏನು ಮಾಡಿದ್ರು?”

“ಆಂ?”

“ಅಲ್ಲೋ, ಇಪ್ಪತ್ತೈದು ವರ್ಷ ಆತು, ಆ ಊಟದ ವಿಚಾರ ಮಾಡ್ಲಿಕ್ಕತ್ತು. ಏನರ ಇತ್ತು ಎಲಿಯಾಗ?”

ಗೆಳೆಯರ ಮುಖ ನಿಧಾನವಾಗಿ ಅರಳಿತು. “ಕುದಿಸಿದ ಬಟಾಟಿ” ಎಂದರು. “ಅದಕ್ಕೂ ಉಪ್ಪಿದ್ದಿಲ್ಲ. ಮ್ಯಾಲೆ ಬಟಾಣಿ, ಹಸರ ಬಂದೂಕಿನ ಗುಂಡು ಇದ್ದಂಗ.”

“ಥೂ ಮಳ್ಳ! ಇಷ್ಟಕ್ಕ ಹೋಗಿದ್ದಿ?”

ಇಬ್ಬರೂ ನಕ್ಕರು. ನಗು ಹೆಚ್ಚಾಗಿ ಗೆಳೆಯರಿಗೆ ಕೆಮ್ಮು ಹತ್ತಿತು. ಕಾಕಾ ಎದ್ದು ಅವರ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿ, ದಿಂಬು ಸರಿಮಾಡಿ, ಲೋಟ ಬಾಯಿಗೆ ಹಿಡಿದರು. ನಗುತ್ತಿದ್ದವರು ಯಾವಾಗ ಅಳತೊಡಗಿದರೋ ನನಗೆ ತಿಳಿಯಲಿಲ್ಲ. ನಾನು ಅಡುಗೆಮನೆಗೆ ಹೋಗಿ ಗೆಳೆಯರ ಹೆಂಡತಿಯ ಜೊತೆ ನಿಂತೆ.

ಆಮೇಲೆ ಕಾಕಾ ದಿನ ಬಿಟ್ಟು ದಿನ ಇಲ್ಫರ್ಡಿಗೆ ಹೋದರು. ಗೆಳೆಯನ ಗಡ್ಡ ಹೆರೆದರು, ಉಗುರು ಕತ್ತರಿಸಿದರು, ಔಷಧಿ ಕೊಡಲು ಬರುವ ನರ್ಸುಗಳ ಮೇಲೆ ಅನುಮಾನಪಟ್ಟು ಅವರ ಜೀವ ತಿಂದರು. ಬೇಸಿಗೆ ಮುಗಿಯುವ ಹೊತ್ತಿಗೆ ಗೆಳೆಯರು ಹೋದರು.

ದಹನದ ದಿನ ಚಿತಾಗಾರದ ಪ್ರಾರ್ಥನಾ ಕೋಣೆಯಾದ ಚಾಪೆಲ್ಲಿನಲ್ಲಿ ಕನ್ನಡದವರೆಲ್ಲ ಸೇರಿದ್ದರು. ಯಾರಾದರೂ ಎರಡು ಮಾತಾಡಬೇಕೆಂದು ಗೆಳೆಯರ ಮಗ ಇಂಗ್ಲಿಷಿನಲ್ಲಿ ಕೇಳಿಕೊಂಡ. ಕಾಕಾ ಎದ್ದು ನಿಂತರು. ಸಾಲು ಸಾಲಿನಲ್ಲಿ ಜನ ಕತ್ತು ಉದ್ದ ಮಾಡಿದ್ದು ನನಗೆ ಕಂಡಿತು. ಕಾಕು ಕಣ್ಣು ಮುಚ್ಚಿಕೊಂಡರು.

“ನಾವಿಬ್ಬರೂ ಒಂದ ನೌಕರಿಗೆ ಅರ್ಜಿ ಹಾಕಿದ್ವಿ” ಎಂದರು ಕಾಕಾ. “ಎಲ್ಲಾರಿಗೂ ಗೊತ್ತದ. ನೌಕರಿ ಇವಗ ಸಿಕ್ತು. ಇವಗ ಸಿಗಬೇಕಾಗಿತ್ತು. ಇವಾ ನನಗಿಂತ ಛಲೋ ಸರ್ಜನ್ ಇದ್ದ.”

ಅಷ್ಟೇ ಹೇಳಿ ಬಂದು ಕೂತರು.

ಮಗ ಇಲ್ಲೇ ಹುಟ್ಟಿ ಬೆಳೆದವನು, ಕನ್ನಡ ಅಷ್ಟಕ್ಕಷ್ಟೆ. ಅಂಕಲ್ ಏನು ಹೇಳಿದರು ಎಂದು ತಾಯಿಯನ್ನು ಕೇಳಿದ. ಆಕೆ ಕಾಕಾನ ಕಡೆಗೇ ನೋಡುತ್ತಿದ್ದರು. ನಾನು ಅವನ ಹತ್ತಿರ ಬಗ್ಗಿ, ಕಾಕಾ ಹೇಳಿದ್ದನ್ನು ಒಂದಕ್ಷರವೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ.